ಅಳದ ಫೋನು ಮತ್ತು ಗುಬ್ಬಿಯ ಹಾಲು

ನಾನು ಚಿಕ್ಕವಳಿದ್ದಾಗ ನಮ್ಮ ಚಿಕ್ಕಮ್ಮನಿಗೆ ಮಗುವಾಯಿತು. ಆ ಕೋಣೆಯ ವಾಸನೆ ಇಂದಿಗೂ ನನ್ನ ಮೂಗಿನಲ್ಲಿದೆ. ಕುದಿಸಿ ಒಣಗಿಸಿದ ಬಟ್ಟೆ, ಎಳೆಯ ನೆತ್ತಿ, ಎದೆಹಾಲು ಎಲ್ಲ ಬೆರೆತ ಬೆಚ್ಚನೆಯ ವಾಸನೆ. ಒಳಗೆ ಹೋಗಬಾರದೆಂದು ದೊಡ್ಡವರು ಗದರಿದ್ದರು. ಚಿಕ್ಕಮ್ಮ ಮಾತ್ರ ನನ್ನನ್ನು ಕಣ್ಣಿನಲ್ಲೇ ಕರೆದು, ಮಗುವಿನ ನೆತ್ತಿಗೆ ನನ್ನ ಮೂಗು ತಾಗಿಸಿ, "ಸಾಕಾ? ಹೋಗೀಗ, ಯಾರಿಗೂ ಹೇಳ್ಬೇಡ" ಎಂದಿದ್ದಳು.

ಅದೇ ವಾಸನೆ ನನಗೆ ಮತ್ತೆ ಸಿಕ್ಕಿದ್ದು ಈ ವಯಸ್ಸಿನಲ್ಲಿ, ನಮ್ಮ ಹೆರಿಗೆ ಆಸ್ಪತ್ರೆಯ ಹಿಂಬದಿಯ ಎರಡು ಕೋಣೆಗಳಲ್ಲಿ. ಅದನ್ನು ನಾವು ಹಾಲಿನ ಮನೆ ಎನ್ನುತ್ತೇವೆ. ತಮ್ಮ ಮಗು ಕುಡಿದು ಮಿಕ್ಕುವಷ್ಟು ಹಾಲಿರುವ ತಾಯಂದಿರು ಬಂದು ಅಲ್ಲಿ ಹಾಲು ಕೊಟ್ಟು ಹೋಗುತ್ತಾರೆ. ಅದನ್ನು ಪರೀಕ್ಷೆ ಮಾಡಿ, ಹದವಾಗಿ ಕಾಯಿಸಿ, ಪುಟ್ಟ ಬಾಟಲಿಗಳಿಗೆ ತುಂಬಿ, ದೊಡ್ಡ ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಿ ಇಡುತ್ತಾರೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ, ತಾಯಿಗೆ ಹಾಲು ಬಾರದಿದ್ದಾಗ, ಅದೇ ಊಟ. ಬಾಟಲಿಗಳಿಗೆ ಚೀಟಿ ಅಂಟಿಸುವುದು ನನ್ನ ಪಾಲಿನ ಕೆಲಸ. ಕೈ ನಡುಗುತ್ತದೆ, ಚೀಟಿ ಸೊಟ್ಟಗಾಗುತ್ತದೆ. ಯಾರೂ ಏನೂ ಅನ್ನುವುದಿಲ್ಲ.

ಹಾಲಿನ ಮನೆಯ ಒಡತಿ ಸಿಸ್ಟರಮ್ಮ. ನರ್ಸ್ ಆಗಿ ನಿವೃತ್ತಳಾದವಳು, ನನಗಿಂತ ಚಿಕ್ಕವಳು, ಗೆಳತಿ. ಬಾಗಿಲಿನ ಮೇಲೆ ಅವಳೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ: "ಕೈ ತೊಳೆಯದೆ, ಕೇಳದೆ ಒಳಗೆ ಬರಬೇಡಿ." ಆಸ್ಪತ್ರೆಯ ದೊಡ್ಡ ಡಾಕ್ಟರನ್ನೂ ಒಮ್ಮೆ ಕೈ ತೊಳೆಯಲು ವಾಪಸ್ ಕಳಿಸಿದ್ದಳು.

ಆ ಫ್ರೀಜರಿನ ಒಳಗೆ ತಂತಿಗೆ ಕಟ್ಟಿದ ಒಂದು ಥರ್ಮಾಮೀಟರ್ ಇದೆ. ತಂತಿಯ ಇನ್ನೊಂದು ತುದಿ ಮೇಜಿನ ಮೇಲಿನ ಕಂಪ್ಯೂಟರಿಗೆ ಸೇರಿದೆ. ಕಂಪ್ಯೂಟರಿನಲ್ಲಿರುವ ಒಂದು ಪುಟ್ಟ ಪ್ರೋಗ್ರಾಂ ಒಳಗಿನ ತಂಪು ಎಷ್ಟೆಂದು ಓದಿ, ಇಂಟರ್ನೆಟ್ ಮೂಲಕ ಥರ್ಮಾಮೀಟರ್ ಕಂಪನಿಗೆ ಕಳಿಸುತ್ತದೆ. ಅಲ್ಲಿಂದ ಸಿಸ್ಟರಮ್ಮನ ಫೋನಿಗೆ ಸುದ್ದಿ ಬರುತ್ತದೆ. ತಂಪು ಕಡಿಮೆಯಾದರೆ ಫೋನು ಕೂಗಬೇಕು. ಇದನ್ನೆಲ್ಲ ಜೋಡಿಸಿಕೊಟ್ಟವನು ಸಿಸ್ಟರಮ್ಮನ ತಮ್ಮ. ಎಲೆಕ್ಟ್ರಿಷಿಯನ್, ತಮಾಷೆಯ ಮನುಷ್ಯ. ಫೋನಿನ ಕೂಗಿಗೆ ಎಳೆ ಮಗುವಿನ ಅಳುವಿನ ಸದ್ದು ಹಾಕಿಟ್ಟಿದ್ದ. ಸಿಸ್ಟರಮ್ಮ ಬೈದಳು, ಆದರೆ ಬದಲಾಯಿಸಲಿಲ್ಲ.

"ಫೋನ್ ಅಳ್ತಿಲ್ಲ ಅಂದ್ರೆ ಎಲ್ಲ ಸರಿ ಇದೆ ಅಂತ ಅಕ್ಕ. ನೆಮ್ಮದಿಯಾಗಿ ಮಲ್ಕೋ" ಎಂದು ಅವನು ಹೇಳಿದ್ದ. ಅವಳೂ ಹಾಗೇ ನಂಬಿದ್ದಳು.

ಎರಡು ದಿನದ ರಜೆ ಮುಗಿದ ಒಂದು ಸೋಮವಾರ ಬೆಳಿಗ್ಗೆ ನಾನೇ ಮೊದಲು ಬಾಗಿಲು ತೆಗೆದೆ. ನನ್ನ ಇಷ್ಟದ ವಾಸನೆ ಅಲ್ಲಿರಲಿಲ್ಲ. ಹುಳಿ ಹುಳಿಯಾದ ವಾಸನೆ ಮುಖಕ್ಕೆ ಬಡಿಯಿತು. ಫ್ರೀಜರಿನ ಕೆಳಗೆ ನೀರು ನಿಂತಿತ್ತು. ಹಿಂದೆಯೇ ಬಂದ ಸಿಸ್ಟರಮ್ಮ ಮುಚ್ಚಳ ಎತ್ತಿದಳು. ಕಲ್ಲಿನಂತಿರಬೇಕಾದ ಹಾಲು ಬಾಟಲಿಗಳಲ್ಲಿ ತುಳುಕುತ್ತಿತ್ತು. ಒಂದೆರಡರ ಮುಚ್ಚಳ ಸಡಿಲವಾಗಿ ಸೋರಿಯೂ ಇತ್ತು. ಅವಳು ಫೋನು ತೆಗೆದು ನೋಡಿದಳು. ಅದರಲ್ಲಿ ತಂಪು ಎಷ್ಟಿರಬೇಕೋ ಅಷ್ಟೇ ಇತ್ತು. ಫೋನು ಒಮ್ಮೆಯೂ ಅತ್ತಿರಲಿಲ್ಲ.

ಕರಗಿ ಬೆಚ್ಚಗಾದ ಹಾಲನ್ನು ಮತ್ತೆ ಗಡ್ಡೆ ಕಟ್ಟಿಸಿ ಕೂಸಿಗೆ ಕೊಡುವಂತಿಲ್ಲ. ಎಲ್ಲವನ್ನೂ ಚೆಲ್ಲಬೇಕು. ಸಿಸ್ಟರಮ್ಮ ಸಿಂಕಿನ ಮುಂದೆ ನಿಂತು ಒಂದೊಂದೇ ಬಾಟಲಿ ಬರಿದು ಮಾಡತೊಡಗಿದಳು. ಪ್ರತಿಯೊಂದನ್ನೂ ಚೆಲ್ಲುವ ಮುಂಚೆ ಚೀಟಿ ಓದಿ, "ಇದು ಹೂವಿನಂಗಡಿಯವಳದು. ಇದು ಪೋಸ್ಟಾಫೀಸಿನವಳದು, ಪಾಪ, ಊಟದ ಬಿಡುವಲ್ಲಿ ಓಡಿ ಬರ್ತಾಳೆ" ಎನ್ನುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಖಾಲಿ ಬಾಟಲಿ ಹಿಡಿದುಕೊಂಡೆ. ನನ್ನಿಂದ ಆದದ್ದು ಅಷ್ಟೇ.

ಆಗ ಮಹಡಿಯ ವಾರ್ಡಿನಲ್ಲಿ ನಮ್ಮ ಹಾಲನ್ನೇ ನಂಬಿಕೊಂಡಿದ್ದ ಒಂದು ಕೂಸಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಅದನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದೆವು. ಅದರ ತಾಯಿ ಆಪರೇಷನ್ ಆಗಿ ಇನ್ನೂ ಏಳಲಾರದ ಸ್ಥಿತಿಯಲ್ಲಿದ್ದಳು. ತಂದೆ ಬಸ್ ಡ್ರೈವರ್. ವಾರ್ಡಿನ ಫ್ರಿಜ್ಜಿನಲ್ಲಿ ಆ ದಿನದ ಮಟ್ಟಿಗೆ ಹಾಲು ಇತ್ತು. ನಾಳೆಗೆ ಇರಲಿಲ್ಲ. ಹೊಸದಾಗಿ ಹಾಲು ಸಂಗ್ರಹಿಸಿದರೂ ಪರೀಕ್ಷೆ ಮುಗಿಯುವ ತನಕ ಕೊಡುವಂತಿಲ್ಲ.

ಸಿಸ್ಟರಮ್ಮ ತಾನೇ ಮೇಲೆ ಹೋಗಿ ಗುಬ್ಬಿಯ ಅಪ್ಪನಿಗೆ ನಡೆದದ್ದನ್ನು ಹೇಳಿದಳು. ಅವನು ಕೂಗಾಡಲಿಲ್ಲ. ಸಮವಸ್ತ್ರದ ಗುಂಡಿಯನ್ನು ತಿರುವುತ್ತ, "ನಾಳೆಗೆ?" ಎಂದು ಮಾತ್ರ ಕೇಳಿದ. ಪಕ್ಕದ ಊರಿನ ಹಾಲಿನ ಮನೆಗೆ ಫೋನ್ ಮಾಡಿದ್ದೇವೆ, ಅವರು ಕೊಡುತ್ತೇವೆ ಅಂದಿದ್ದಾರೆ, ತರಬೇಕು ಎಂದಾಗ, ಅದೇ ತನ್ನ ಬಸ್ಸಿನ ದಾರಿ ಎಂದು ಹೇಳಿ ಐಸ್ ಪೆಟ್ಟಿಗೆ ಎತ್ತಿಕೊಂಡು ಹೊರಟ.

ಅಷ್ಟರಲ್ಲಿ ಸಿಸ್ಟರಮ್ಮನ ತಮ್ಮ ಬಂದು ಫ್ರೀಜರಿನ ಹಿಂದೆ ತೂರಿದ್ದ. ಪ್ಲಗ್ಗಿನ ಪಿನ್ನು ಸುಟ್ಟು ಕಪ್ಪಾಗಿತ್ತು. ಹೊಸ ಪ್ಲಗ್ಗು ಹಾಕಿದ, ಫ್ರೀಜರ್ ಗುರ್ ಎಂದಿತು. ಆದರೆ ಫೋನು ಏಕೆ ಅಳಲಿಲ್ಲ ಎಂಬುದು ಅವನಿಗೂ ತಿಳಿಯಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ನೋಡಿದರೆ, ಥರ್ಮಾಮೀಟರಿನ ಪ್ರೋಗ್ರಾಮಿನಲ್ಲಿ ಕೆಂಪು ಸಾಲುಗಳ ಮೇಲೆ ಕೆಂಪು ಸಾಲು: ಕಳಿಸಲು ಆಗಲಿಲ್ಲ, ಕಳಿಸಲು ಆಗಲಿಲ್ಲ. ಹಾಲು ಕರಗುತ್ತಿರುವುದು ಕಂಪ್ಯೂಟರಿಗೆ ಗೊತ್ತಿತ್ತು. ಎರಡು ದಿನ ಕೂಗಿ ಹೇಳಿತ್ತು. ಕೂಗು ಕೋಣೆಯಿಂದ ಹೊರಗೆ ಬಂದಿರಲಿಲ್ಲ.

ಅವನು ಯಾರೋ ಗೆಳೆಯನಿಗೆ ಫೋನ್ ಮಾಡಿದ. ಗೆಳೆಯ ಫೈರ್‌ವಾಲ್ ಅಡ್ಡ ಬಂದಿರಬೇಕು, ಅದನ್ನು ಆಫ್ ಮಾಡಿಬಿಡು ಎಂದನಂತೆ. ತಮ್ಮ ಖುಷಿಯಾಗಿ ಗುಂಡಿ ಹುಡುಕತೊಡಗಿದ. ಸಿಸ್ಟರಮ್ಮನಿಗೆ ಯಾವುದೂ ಬೇಕಿರಲಿಲ್ಲ. ಫ್ರೀಜರಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಈ ಇಂಟರ್ನೆಟ್ಟು ಗಿಂಟರ್ನೆಟ್ಟು ನಂಬಿ ಕೆಟ್ಟೆ. ಇವತ್ತಿಂದ ರಾತ್ರಿಯೆಲ್ಲ ನಾನೇ ಇಲ್ಲಿ ಕೂತ್ಕೋತೀನಿ" ಎಂದಳು.

"ಕೂತ್ಕೋ ಅಕ್ಕ. ತೂಕಡಿಸಿದ್ರೆ ಎಬ್ಬಿಸೋಕೆ ಇನ್ನೊಬ್ಬರನ್ನ ಕೂರಿಸೋಣ. ಅವರನ್ನ ಎಬ್ಬಿಸೋಕೆ ಮತ್ತೊಬ್ಬರು" ಎಂದ ತಮ್ಮ. ಅವಳು ನಗಲಿಲ್ಲ.

ಆಗಲೇ ಸಿಸ್ಟರಮ್ಮನ ಸೊಸೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಹಾಲು ಚೆಲ್ಲಿದ ಸುದ್ದಿ ಕೇಳಿ ತನ್ನದನ್ನು ಕೊಡಲು ಬಂದಿದ್ದಳು. ಒಂದು ಕಾಲೇಜಿನ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಕೆಲಸ ಅವಳದು, ಈಗ ಬಾಣಂತಿ ರಜೆ. ಕಂಪ್ಯೂಟರಿನ ತೆರೆಯನ್ನು ಒಮ್ಮೆ ನೋಡಿ, ಕೂಸನ್ನು ನನ್ನ ಮಡಿಲಿಗೆ ಕೊಟ್ಟಳು.

"ಮಾವ, ಒಂದು ನಿಮಿಷ. ಅದನ್ನ ಆಫ್ ಮಾಡ್ಬೇಡಿ."

"ಆಫ್ ಮಾಡಿದ್ರೆ ಸುದ್ದಿ ಹೋಗತ್ತಲ್ಲಮ್ಮ. ಕೆಲಸ ಆದ್ರೆ ಸಾಕಲ್ವಾ?"

"ಫ್ಯೂಸ್ ಪದೇಪದೇ ಹೋಗ್ತಿದೆ ಅಂತ ಯಾರಾದ್ರೂ ಕರೆದ್ರೆ, ನೀವು ಅಲ್ಲಿ ದಪ್ಪ ತಂತಿ ಕಟ್ಟಿ ಬರ್ತೀರಾ?"

ಅವನು ಕೈ ಹಿಂದೆ ತೆಗೆದ. ಅವನ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ. ಹಾಗೆ ತಂತಿ ಕಟ್ಟಿದ ಮನೆಗಳನ್ನು ಕಂಡರೆ ಊರಿಡೀ ಬೈದುಕೊಂಡು ತಿರುಗುವವನು ಅವನು. "ನನ್ನ ಬಾಯಿ ಕಟ್ಟೋಕೆ ನನ್ನ ತಂತೀನೇ ಬೇಕಿತ್ತಾ ನಿಂಗೆ" ಎಂದು ಗೊಣಗಿ ಕುರ್ಚಿ ಬಿಟ್ಟುಕೊಟ್ಟ.

ಸಿಸ್ಟರಮ್ಮ ಮಾತ್ರ ಒಪ್ಪಲಿಲ್ಲ. ಆ ಫೈರ್‌ವಾಲ್ ಅನ್ನೋದು ಏನು, ನಮ್ಮದೇ ಕಂಪ್ಯೂಟರಿನ ಸುದ್ದಿಗೆ ಅದು ಯಾಕೆ ಅಡ್ಡ ನಿಲ್ಲಬೇಕು ಎಂದು ಕೇಳಿದಳು. ಸೊಸೆ ಸ್ವಲ್ಪ ಯೋಚಿಸಿ, ಅತ್ತೆಗೆ ಅತ್ತೆಯ ವಾರ್ಡನ್ನೇ ತೋರಿಸಿದಳು.

"ಅತ್ತೆ, ಹೆರಿಗೆ ವಾರ್ಡಿನ ಬಾಗಿಲಲ್ಲಿ ಕಾವಲಿನವನು ಇರ್ತಾನಲ್ಲ, ಅವನು ಒಳಗೆ ಬರೋರನ್ನ ಮಾತ್ರ ತಡೀತಾನಾ?"

"ಒಳಗೆ ಬರೋರನ್ನ ಒಂದು ಸಲ ಬಿಟ್ರೂ ಬಿಟ್ಟಾನು. ಮಗು ಎತ್ಕೊಂಡು ಹೊರಗೆ ಹೋಗೋರನ್ನ ಮಾತ್ರ ಚೀಟಿ ನೋಡದೆ ಬಿಡಲ್ಲ. ಅಪ್ಪನೇ ಆಗಿರ್ಲಿ."

"ಫೈರ್‌ವಾಲ್ ಅಂದ್ರೆ ಅವನೇ. ಇಂಟರ್ನೆಟ್ಟಿಂದ ಒಳಗೆ ಬರೋದನ್ನೂ ನೋಡ್ತಾನೆ, ಇಲ್ಲಿಂದ ಹೊರಗೆ ಹೋಗೋದನ್ನೂ ನೋಡ್ತಾನೆ. ನಮ್ಮ ಥರ್ಮಾಮೀಟರ್ ಸುದ್ದಿ ಎತ್ಕೊಂಡು ಹೊರಟಿತ್ತು. ಅದರ ಹತ್ರ ಚೀಟಿ ಇರ್ಲಿಲ್ಲ."

ಆದರೆ ಇಷ್ಟು ತಿಂಗಳು ಹೋಗುತ್ತಿತ್ತಲ್ಲ, ಈಗೇನಾಯಿತು ಎಂದು ತಮ್ಮ ಕೇಳಿದ. ಸೊಸೆ ತೆರೆಯ ಮೇಲೆ ಹುಡುಕಿ ತೋರಿಸಿದಳು. ಹೋದ ವಾರ ಥರ್ಮಾಮೀಟರಿನ ಪ್ರೋಗ್ರಾಂ ಅಪ್‌ಡೇಟ್ ಆಗಿತ್ತು. ಹೊಸ ರೂಪದಲ್ಲಿ ಬಂದದ್ದನ್ನು ಕಾವಲಿನವನು ಗುರುತು ಹಿಡಿಯದೆ, ಇದು ಹೊರಗೆ ಹೋಗಲು ಕೇಳುತ್ತಿದೆ, ಬಿಡಲೇ ಎಂದು ತೆರೆಯ ಮೇಲೆ ಕೇಳಿದ್ದ. ಯಾರೋ ಬೇಡ ಎಂದು ಒತ್ತಿದ್ದರು. ಮತ್ತೆ ಕೇಳಬೇಡ ಎಂಬ ಗುರುತನ್ನೂ ಹಾಕಿದ್ದರು. ಅಂದಿನಿಂದ ಅವನು ಸದ್ದಿಲ್ಲದೆ ತಡೆಯುತ್ತಲೇ ಇದ್ದ.

ಸಿಸ್ಟರಮ್ಮ ಬಾಗಿಲಿನ ಮೇಲೆ ತಾನೇ ಅಂಟಿಸಿದ ಅಕ್ಷರಗಳ ಕಡೆ ನೋಡುತ್ತಿದ್ದಳು.

"ನಾನೇ ಒತ್ತಿದ್ದು. ಬಾಟಲಿ ತುಂಬ್ತಿದ್ದೆ, ಅದೇನೋ ಬಂದು ಬಿಡ್ಲಾ ಬಿಡ್ಲಾ ಅಂತು. ಗುರುತು ಪರಿಚಯ ಇಲ್ಲದ್ದು, ಬೇಡ ಅಂದೆ. ಗುಬ್ಬಿ ಹಾಲು ನಾನೇ ಚೆಲ್ಲಿದೆ ಕಣೆ."

ಸೊಸೆ ಅವಳ ಕೈ ಹಿಡಿದುಕೊಂಡಳು. ಹಾಲು ಚೆಲ್ಲಿ ಚೆಲ್ಲಿ ಆ ಕೈ ಇನ್ನೂ ಜಿಗುಟಾಗಿಯೇ ಇತ್ತು. "ನೀವು ಬೇಡ ಅಂದಿದ್ದು ತಪ್ಪಲ್ಲ ಅತ್ತೆ. ಗೊತ್ತಿಲ್ಲದ್ದಕ್ಕೆ ಹೂಂ ಅನ್ನೋದಕ್ಕಿಂತ ಬೇಡ ಅನ್ನೋದೇ ಮೇಲು. ಬೇಡ ಅಂದ್ಮೇಲೆ ಯಾವುದಕ್ಕೆ ಅಂದೆ ಅಂತ ತಿಳಿದವರನ್ನ ಕೇಳ್ಬೇಕಿತ್ತು. ಅಷ್ಟೇ ಉಳಿದಿದ್ದು."

ಎಲ್ಲಕ್ಕೂ ಮೂಲವಾದ ಆ ಕಾವಲನ್ನೇ ತೆಗೆದುಬಿಟ್ಟರೆ ಏನಂತೆ ಎಂದು ಸಿಸ್ಟರಮ್ಮ ಇನ್ನೊಮ್ಮೆ ಕೇಳಿದಳು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗಾಗುತ್ತದೆ ಎಂದೆ ನಾನು. ಸೊಸೆ ಅದೇ ಕಂಪ್ಯೂಟರಿನಲ್ಲಿ ಇನ್ನೇನಿದೆ ಎಂದು ನೆನಪಿಸಿದಳು. ಹಾಲು ಕೊಡುವ ಪ್ರತಿ ತಾಯಿಯ ವಿಳಾಸ, ಫೋನ್ ನಂಬರು, ರಕ್ತಪರೀಕ್ಷೆಯ ಫಲಿತಾಂಶ ಎಲ್ಲ ಅದರಲ್ಲಿವೆ. ಕಾವಲು ಇಲ್ಲದಿದ್ದರೆ ಹೊರಗಿನವರು ಒಳಗೆ ಕೈ ಹಾಕುವುದು ಸುಲಭವಾಗುತ್ತದೆ. ಯಾವುದೋ ಕೆಟ್ಟ ಪ್ರೋಗ್ರಾಂ ಒಳಗೆ ಸೇರಿಕೊಂಡರೆ ಇದ್ದದ್ದನ್ನೆಲ್ಲ ಹೊತ್ತುಕೊಂಡು ಹೋಗುವಾಗ ತಡೆಯುವವರೂ ಇರುವುದಿಲ್ಲ. ಒಂದು ಐದು ನಿಮಿಷ ಎಂದು ಆಫ್ ಮಾಡಿದವರು ಮತ್ತೆ ಆನ್ ಮಾಡಲು ಮರೆತು ವರ್ಷ ಕಳೆದದ್ದನ್ನು ಅವಳು ಕಂಡಿದ್ದಾಳಂತೆ.

"ಪೋಸ್ಟಾಫೀಸಿನವಳು ರಕ್ತ ಪರೀಕ್ಷೆ ವಿಷಯ ಗಂಡನ ಮನೇಲೂ ಹೇಳಿಲ್ಲ. ನನ್ನ ನಂಬಿ ಹೇಳಿದಾಳೆ" ಎಂದಳು ಸಿಸ್ಟರಮ್ಮ, ನಿಧಾನವಾಗಿ. ಆಮೇಲೆ ಕಾವಲು ತೆಗೆಯುವ ಮಾತು ಎತ್ತಲಿಲ್ಲ. ಫ್ರೀಜರಿನ ಪಕ್ಕದ ಕುರ್ಚಿಯನ್ನು ಎಳೆದು ತಂದು ಸೊಸೆಯ ಪಕ್ಕದಲ್ಲಿ ಹಾಕಿಕೊಂಡಳು.

ಸೊಸೆ ಮೊದಲು ಥರ್ಮಾಮೀಟರ್ ಬಂದಿದ್ದ ಡಬ್ಬಿ ಎಲ್ಲಿ ಎಂದು ಕೇಳಿದಳು. ಫೋನಿನಲ್ಲಿ ಹುಡುಕಿ ಸಿಕ್ಕ ಯಾವುದೋ ನಂಬರಿಗಲ್ಲ, ಡಬ್ಬಿಯ ಮೇಲೆ ಅಚ್ಚಾಗಿದ್ದ ನಂಬರಿಗೆ ಕರೆ ಮಾಡಿದಳು. ನಿಮ್ಮ ಪ್ರೋಗ್ರಾಮಿನ ಸರಿಯಾದ ಹೆಸರೇನು, ಅದು ಸುದ್ದಿಯನ್ನು ಯಾವ ವಿಳಾಸಕ್ಕೆ ಕಳಿಸುತ್ತದೆ, ಯಾವ ಬಾಗಿಲಿನಿಂದ ಹೋಗುತ್ತದೆ ಎಂದು ವಿಚಾರಿಸಿದಳು. ಕಂಪ್ಯೂಟರಿನಿಂದ ಹೊರಗೆ ಹೋಗಲು ನಂಬರು ಹಾಕಿದ ಬಾಗಿಲುಗಳಿರುತ್ತವಂತೆ. ಅವರು ಹೇಳಿದ್ದು ತೆರೆಯಲ್ಲಿದ್ದದ್ದಕ್ಕೆ ತಾಳೆಯಾಯಿತು. ಆಮೇಲೆ ಫೈರ್‌ವಾಲಿನಲ್ಲಿ ತಡೆದವರ ಸಾಲಿಗೆ ಹೋಗಿ, ಆ ಒಂದು ಪ್ರೋಗ್ರಾಮಿಗೆ, ಆ ಒಂದು ವಿಳಾಸಕ್ಕೆ, ಆ ಒಂದೇ ಬಾಗಿಲಿನಿಂದ ಹೋಗಲು ಅನುಮತಿ ಕೊಟ್ಟಳು. ಉಳಿದ ಬಾಗಿಲುಗಳನ್ನು ಮುಟ್ಟಲಿಲ್ಲ. ಇದೆಲ್ಲ ನಮ್ಮಂಥವರಿಗೆ ಕಷ್ಟವಲ್ಲವೇ ಎಂದು ಕೇಳಿದೆ. ಗೊತ್ತಿರುವವರ ಕೈಲಿ ಮಾಡಿಸಿ ದೊಡ್ಡಮ್ಮ, ಪಕ್ಕದಲ್ಲಿ ಕೂತು ನೋಡಿದರೆ ಸಾಕು ಎಂದಳು.

"ಆಯ್ತಲ್ಲ?" ಎಂದು ತಮ್ಮ ಏಳಹೊರಟ.

"ಎಲ್ಲಾಯ್ತು ಮಾವ? ಅಳತ್ತೋ ಇಲ್ವೋ ನೋಡ್ಬೇಡ್ವಾ?"

ಅಷ್ಟು ಹೊತ್ತಿಗೆ ಮತ್ತೆ ತಣ್ಣಗಾಗಿದ್ದ ಫ್ರೀಜರಿನಿಂದ ಸೊಸೆ ಥರ್ಮಾಮೀಟರಿನ ತುದಿಯನ್ನು ಹೊರಗೆ ತೆಗೆದು ಸಿಸ್ಟರಮ್ಮನ ಅಂಗೈಯಲ್ಲಿಟ್ಟಳು. ಅವಳು ಬೆರಳು ಮುಚ್ಚಿಕೊಂಡಳು. ನಾವೆಲ್ಲ ಮೇಜಿನ ಮೇಲಿನ ಫೋನನ್ನೇ ನೋಡುತ್ತ ಕೂತೆವು. ಏನೂ ಆಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಫೋನು ಅತ್ತಿತು. ಎಳೆ ಗಂಟಲಿನ ಸಣ್ಣ ಅಳು. ನನ್ನ ಮಡಿಲಲ್ಲಿದ್ದ ಕೂಸು ಬೆಚ್ಚಿ ಎದ್ದು ತಾನೂ ರಾಗ ತೆಗೆಯಿತು. ಯಾವುದನ್ನು ಮೊದಲು ಸಮಾಧಾನ ಮಾಡುವುದೆಂದು ತಿಳಿಯದೆ ಸಿಸ್ಟರಮ್ಮ ಫೋನನ್ನು ಎದೆಗೆ ಒತ್ತಿಕೊಂಡಳು. ಬೆಳಗಿನಿಂದ ತಡೆದಿದ್ದ ಕಣ್ಣೀರು ಆಗ ಬಂತು, ನಗುವಿನ ಜೊತೆಗೇ.

"ಹೊಸ ತಾಯಂದ್ರಿಗೆಲ್ಲ ನಾನೇ ಹೇಳ್ತಿದ್ದೆ. ಕೂಸು ಅಳ್ತಿಲ್ಲ ಅಂದ್ರೆ ಚೆನ್ನಾಗಿದೆ ಅಂತ ಬಿಡ್ಬೇಡಿ, ಎದೆ ಮೇಲೆ ಕೈಯಿಟ್ಟು ನೋಡಿ ಅಂತ. ಇದೊಂದು ಸುಮ್ನಿದ್ದಾಗ ಮಾತ್ರ ಕೈಯಿಟ್ಟು ನೋಡ್ಲಿಲ್ಲ" ಎಂದಳು.

ಅದಕ್ಕೂ ದಾರಿಯಿದೆ ಎಂದಳು ಸೊಸೆ. ಫೋನಿನಲ್ಲಿ ಕಾಣುವ ಅಂಕಿಯ ಕೆಳಗೆ ಮಾಸಲು ಬಣ್ಣದಲ್ಲಿ ಒಂದು ಪುಟ್ಟ ಸಾಲಿತ್ತು, ಆ ಸುದ್ದಿ ಯಾವಾಗ ಬಂದದ್ದೆಂದು ಹೇಳುವ ಸಾಲು. ಅದು ಹೋದ ವಾರದಲ್ಲೇ ನಿಂತಿತ್ತಂತೆ. ನಾವು ಹಳೆಯ ಅಂಕಿಯನ್ನೇ ದಿನವೂ ನೋಡಿ ಸಮಾಧಾನಪಟ್ಟಿದ್ದೆವು. ಸುದ್ದಿ ಕೆಟ್ಟದಾದರೆ ಮಾತ್ರವಲ್ಲ, ಸುದ್ದಿಯೇ ಬಾರದಿದ್ದರೂ ಫೋನು ಅಳುವಂತೆ ಅವಳು ಏರ್ಪಾಡು ಮಾಡಿದಳು. ನಂತರ ಇಂಟರ್ನೆಟ್ಟಿನ ತಂತಿ ಕಿತ್ತು, ಕಾಯ್ದು, ಅದನ್ನೂ ಅಳಿಸಿ ನೋಡಿ, ತಂತಿಗಳನ್ನೆಲ್ಲ ಮತ್ತೆ ಅದರದರ ಜಾಗಕ್ಕೆ ಸೇರಿಸಿಯೇ ಎದ್ದಳು.

"ಸೊಸೆ ಅಂದ್ರೆ ಅಳಿಸೋಳು ಅಂತ ಹಿಂದಿನೋರು ಸುಮ್ನೆ ಹೇಳ್ಲಿಲ್ಲ" ಎಂದ ತಮ್ಮ. ಈ ಸಲ ಸಿಸ್ಟರಮ್ಮ ನಕ್ಕಳು.

ಸಂಜೆ ಗುಬ್ಬಿಯ ಅಪ್ಪ ಐಸ್ ಪೆಟ್ಟಿಗೆಯನ್ನು ತಂದ. ದಾರಿಯುದ್ದಕ್ಕೂ ಅದನ್ನು ತನ್ನ ಸೀಟಿನ ಪಕ್ಕದಲ್ಲೇ ಇಟ್ಟುಕೊಂಡು, ತಿರುವುಗಳಲ್ಲಿ ನಿಧಾನಿಸಿದ್ದನಂತೆ. ಪ್ರಯಾಣಿಕರು ಕಾರಣ ತಿಳಿದ ಮೇಲೆ ತಡವಾಯಿತೆಂದು ಒಬ್ಬರೂ ಗೊಣಗಲಿಲ್ಲವಂತೆ. ಬಾಟಲಿಗಳು ಕಲ್ಲಿನಂತೆಯೇ ಇದ್ದವು. ಫ್ರೀಜರಿನಲ್ಲಿಟ್ಟು, ಫೋನು ನೋಡಿ, ಕೆಳಗಿನ ಪುಟ್ಟ ಸಾಲನ್ನೂ ನೋಡಿ, ಸಿಸ್ಟರಮ್ಮ ಮನೆಗೆ ಹೋಗಿ ಮಲಗಿದಳು.

ಈ ಕಥೆಯನ್ನು ನಿಮಗೆ ಹೇಳಲು ಕಾರಣವಿದೆ. ನಿಮ್ಮಲ್ಲಿ ಹಾಲಿನ ಮನೆ ಇಲ್ಲದಿರಬಹುದು. ಆದರೆ ಅಂಗಡಿಯ ಕ್ಯಾಮೆರಾ, ಔಷಧದ ಫ್ರಿಜ್ಜು, ವಯಸ್ಸಾದವರ ಹಾಸಿಗೆಯ ಪಕ್ಕದ ಯಂತ್ರ, ಇವೆಲ್ಲ ಇಂದು ಇಂಟರ್ನೆಟ್ಟಿನ ದಾರಿಯಲ್ಲೇ ನಿಮಗೆ ಸುದ್ದಿ ಕಳಿಸುತ್ತವೆ. ದಾರಿಯಲ್ಲಿ ಕಾವಲಿನವನಿದ್ದಾನೆ, ಅವನು ನಿಮ್ಮವನೇ. ಅವನನ್ನು ಮನೆಗೆ ಕಳಿಸಬೇಡಿ. ಅವನು ಬಿಡಲೇ ಎಂದು ಕೇಳಿದಾಗ ಕೈಗೆ ಸಿಕ್ಕ ಗುಂಡಿ ಒತ್ತಬೇಡಿ. ಯಾರು ಹೊರಟಿದ್ದಾರೆ, ಎಲ್ಲಿಗೆ, ಏಕೆ ಎಂದು ಓದಿ. ತಿಳಿಯದಿದ್ದರೆ ಬೇಡ ಎನ್ನಿ, ಅನ್ನುತ್ತಲೇ ತಿಳಿದವರನ್ನು ಕೇಳಿ. ಅಪ್‌ಡೇಟ್ ಆದ ದಿನ, ಹೊಸ ಕಂಪ್ಯೂಟರ್ ಬಂದ ದಿನ, ನಿಮ್ಮ ಯಂತ್ರವನ್ನು ಒಮ್ಮೆ ಬೇಕೆಂದೇ ಅಳಿಸಿ ನೋಡಿ. ಅಳದಿದ್ದರೆ ತಾಯಿಯೂ ಹಾಲು ಕೊಡಳು ಎನ್ನುತ್ತಾರೆ. ಅತ್ತದ್ದು ತಾಯಿಗೆ ಕೇಳಿಸಬೇಕು, ಅದನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಇವತ್ತೇ ನೋಡಿ. ನಿಮ್ಮ ಫೋನಿನಲ್ಲಿರುವ ಸುದ್ದಿ ಯಾವಾಗಿನದು?

ಮರುದಿನ ಬೆಳಿಗ್ಗೆ ಹಾಲಿನ ಮನೆಯಲ್ಲಿ ನನ್ನ ಚಿಕ್ಕಮ್ಮನ ಕೋಣೆಯ ವಾಸನೆ ಮರಳಿತ್ತು. ಸಿಸ್ಟರಮ್ಮ ಒಂದು ಪುಟ್ಟ ಬಾಟಲಿಯನ್ನು ಹದವಾಗಿ ಕರಗಿಸಿ, ಒರೆಸಿ, ಚೀಟಿಯನ್ನು ಎರಡು ಸಲ ಓದಿದಳು. ಅದನ್ನು ಸಾಮಾನ್ಯವಾಗಿ ಮೇಲಕ್ಕೆ ಒಯ್ಯುವವಳು ವಾರ್ಡಿನ ನರ್ಸ್. ಅಂದು ಗುಬ್ಬಿಯ ಅಪ್ಪ ಕೆಲಸಕ್ಕೆ ಹೊರಡುವ ಮೊದಲು ಬಾಗಿಲಲ್ಲಿ ನಿಂತಿದ್ದ. ಯಾರೂ ಹೇಳದಿದ್ದರೂ ಕೈ ತೊಳೆದುಕೊಂಡು ಬಂದಿದ್ದ, ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಸಿಸ್ಟರಮ್ಮ ಅವನಿಗೆ ಒಣಬಟ್ಟೆ ಕೊಟ್ಟಳು. ಅವನು ಒರೆಸಿಕೊಳ್ಳುವವರೆಗೆ ಕಾದಳು. ಆಮೇಲೆ ಗುಬ್ಬಿಯ ಊಟವನ್ನು ಅವನ ಅಂಗೈಯಲ್ಲಿಟ್ಟಳು.